ಭಾವನೆ ಸಾಲದು

ಕಾಮಸಮುದ್ರದಲ್ಲಿ ಪಾಠ ಹೇಳುತ್ತಿದ್ದಾಗ ಒಮ್ಮೆ ಹತ್ತನೆಯ ತರಗತಿಯ ಮಕ್ಕಳಿಂದ ಜೀತಪದ್ಧತಿಯ ಮೇಲೆ ಪ್ರಬಂಧ ಬರೆಸಿದ್ದೆ. ಒಬ್ಬ ಹುಡುಗಿ ‘ಕಣ್ಣೀರಿನ ಕೋಡಿ’, ‘ನರಕಯಾತನೆ’, ‘ಕಲ್ಲೂ ಕರಗುವ ಗೋಳು’ ಎಂದೆಲ್ಲ ಮೂರು ಪುಟ ತುಂಬಿಸಿದ್ದಳು. ಇಪ್ಪತ್ತಕ್ಕೆ ಹದಿನೆಂಟು ಕೊಟ್ಟೆ. ಒಬ್ಬ ಹುಡುಗ ಬರೆದದ್ದು ಅರ್ಧ ಪುಟ. ಅವನ ತಾತ ಮಗಳ ಮದುವೆಗೆಂದು ಮುನ್ನೂರು ರೂಪಾಯಿ ಸಾಲ ತಂದು, ಆ ಮನೆಯಲ್ಲಿ ಹನ್ನೊಂದು ವರ್ಷ ದನ ಕಾಯ್ದರಂತೆ. ದಿನಕ್ಕೆ ಎರಡು ಹೊತ್ತು ಮುದ್ದೆ, ವರ್ಷಕ್ಕೆ ಎರಡು ಜೊತೆ ಬಟ್ಟೆ. ಬೇರೆ ಕಡೆ ಕೂಲಿಗೆ ಹೋಗುವಂತಿರಲಿಲ್ಲ. ಹನ್ನೊಂದು ವರ್ಷದ ಮೇಲೂ ಸಾಲ ಮುನ್ನೂರೇ ಇತ್ತು. ಇಷ್ಟೇ. ಕೆಂಪು ಶಾಯಿಯಲ್ಲಿ ‘ಭಾವನೆ ಸಾಲದು’ ಎಂದು ಬರೆದು ಒಂಬತ್ತು ಹಾಕಿದೆ.

ಮರುದಿನ ಅವನು ಪುಸ್ತಕ ಹಿಡಿದು ಬಂದ. “ಏನು ಸೇರಿಸಬೇಕಿತ್ತು ಮೇಡಂ? ತಾತ ಹೇಳುವಾಗ ಅಳಲಿಲ್ಲ.”

ನನಗೆ ಉತ್ತರ ಹೊಳೆಯಲಿಲ್ಲ. ಜೀತವನ್ನು 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಿಂದ, ಮರುವರ್ಷ ಕಾಯಿದೆಯಿಂದ ರದ್ದು ಮಾಡಿದರು. ಜೀತದ ಸಾಲವೂ ವಜಾ ಆಯಿತು. 1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದಿತು. ಯಾರನ್ನಾದರೂ ಜೀತದಿಂದ ಬಿಡಿಸಬೇಕಾದರೆ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಮುಂಗಡ ಎಷ್ಟು, ಕೂಲಿ ಎಷ್ಟು, ಬಿಟ್ಟುಹೋಗಲು ಆಗುತ್ತಿತ್ತೆ? ಹುಡುಗನ ಅರ್ಧ ಪುಟದಲ್ಲಿ ಮೂರಕ್ಕೂ ಉತ್ತರವಿತ್ತು. ಹುಡುಗಿಯ ಮೂರು ಪುಟದಲ್ಲಿ ಒಂದಕ್ಕೂ ಇರಲಿಲ್ಲ.

ಹಾಗಾದರೆ ತಣ್ಣಗಿನ ಮಾತೇ ಸತ್ಯವೆ? ಅದೂ ಅಲ್ಲ. ಜೀತಕ್ಕಿಟ್ಟುಕೊಂಡವರ ಮಾತು ಎಂದೂ ತಣ್ಣಗೇ ಇರುತ್ತದೆ: “ಮನೆಮಗನ ಹಾಗಿದ್ದ.” ನಮ್ಮ ಕಡೆ ತೋಟಕ್ಕೆ ವಿಷ ಸಿಂಪಡಿಸುವುದನ್ನು ‘ಔಷಧಿ ಹೊಡೆಯುವುದು’ ಎನ್ನುತ್ತಾರಲ್ಲ, ಹಾಗೆ. ದ್ರಾಕ್ಷಿಯನ್ನೇ ನೋಡಿ. ಬಾಯಿಗಿಟ್ಟರೆ ಸಿಹಿ, ಉಳಿದ ಔಷಧಿ ನಾಲಿಗೆಗೆ ತಿಳಿಯುವುದಿಲ್ಲ. ಹಿಂಡಿ ಹುದುಗಿಸಿ ವೈನ್ ಮಾಡಿದರೂ ಕೆಲವು ರಾಸಾಯನಿಕಗಳ ಶೇಷ ಅದರಲ್ಲಿ ಉಳಿಯುತ್ತದೆ. 2010ರಲ್ಲಿ ಯೂರೋಪು ನಮ್ಮ ದೇಶದ ದ್ರಾಕ್ಷಿಯನ್ನು ತಡೆದದ್ದು ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಶೇಷಕ್ಕಾಗಿ. ಆಗ ಅಲ್ಲಿದ್ದ ಮಿತಿ ಕಿಲೋಗೆ 0.05 ಮಿಲಿಗ್ರಾಂ. ‘ಅಯ್ಯೋ ವಿಷ!’ ಎಂದು ಕೂಗಿದವರಿಂದಲೂ, ‘ಏನೂ ಆಗದು, ತೊಳೆದು ತಿನ್ನಿ’ ಎಂದವರಿಂದಲೂ ಆ ಅಂಕಿ ಸಿಕ್ಕುತ್ತಿರಲಿಲ್ಲ. ಅಳೆದವರಿಂದ ಸಿಕ್ಕಿತು.

ಈ ವಿಷಯದಲ್ಲಿ ಪಕ್ಕದ ಕೆಜಿಎಫ್ ಜನ ನಮಗಿಂತ ಜಾಣರು. ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದು ಸುರಿದ ಪುಡಿಯ ಗುಡ್ಡಗಳು ಹಾಗೇ ನಿಂತಿವೆ. ಅವನ್ನು ಅವರು ಮರಳುಗುಡ್ಡ ಎನ್ನುವುದಿಲ್ಲ, ಮೃತ್ಯುಕೂಪ ಎಂದೂ ಎನ್ನುವುದಿಲ್ಲ. ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಎದ್ದಾಗ ಮೂಗಿಗೆ ಸೆರಗು ಹಿಡಿಯಲು ಅಷ್ಟು ಸಾಕು.

ಅಂಕಿಯನ್ನೇ ನೆಚ್ಚಿದರೆ ಮನಸ್ಸು ಕಲ್ಲಾಗುವುದಿಲ್ಲವೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಮುನ್ನೂರು ರೂಪಾಯಿ, ಹನ್ನೊಂದು ವರ್ಷ, ಮತ್ತೆ ಅದೇ ಮುನ್ನೂರು ರೂಪಾಯಿ: ಇದನ್ನು ಓದಿದಾಗ ನನಗೆ ಬಂದ ಸಿಟ್ಟು ‘ನರಕಯಾತನೆ’ ಓದಿದಾಗ ಬರಲಿಲ್ಲ. ಅಲ್ಲಿ ನಾನು ‘ಪಾಪ’ ಎಂದು ಕಣ್ಣೊರೆಸಿಕೊಂಡೆ, ಅಂಕ ಕೊಟ್ಟೆ, ಪುಟ ತಿರುಗಿಸಿದೆ. ಆ ಕಣ್ಣೀರಿನಿಂದ ಹಗುರಾದದ್ದು ನನ್ನ ಎದೆ, ಜೀತದವನ ಹೊರೆಯಲ್ಲ. ಭಾವನೆ ಬೇಡವೆಂದಲ್ಲ. ಅದು ಓದಿದವರಲ್ಲಿ ಹುಟ್ಟಬೇಕು, ಬರೆದವರು ಉಣಿಸುವಂಥದಲ್ಲ.

ಹುಡುಗನ ಒಂಬತ್ತನ್ನು ಹೊಡೆದುಹಾಕಿ ಹದಿನೆಂಟು ಮಾಡಿದೆ. ಹುಡುಗಿಯ ಅಂಕ ಇಳಿಸಲಿಲ್ಲ. ಅವಳು ಬರೆದದ್ದೆಲ್ಲ ನಾನು ಕಲಿಸಿದ್ದೇ ಆಗಿತ್ತು.