ಬಿದ್ದ ಪೆನ್‌ಡ್ರೈವ್ ಮತ್ತು ಪ್ರಮಾದದ ಪ್ರಶ್ನೆ

ಕೆಲಸದ ಸ್ಥಳದಲ್ಲಿ ಯಾರೋ ಬೀಳಿಸಿಕೊಂಡ ಪೆನ್‌ಡ್ರೈವನ್ನು ಹಿಂದಿರುಗಿಸಬೇಕೆಂಬ ಸದುದ್ದೇಶದಿಂದಲೇ ಕಂಪ್ಯೂಟರಿಗೆ ಸಿಕ್ಕಿಸಿದ ನೌಕರನಿಂದ ಕುತಂತ್ರಾಂಶ, ಅಂದರೆ ಹಾನಿಗೆಂದೇ ರಚಿಸಿದ ತಂತ್ರಾಂಶ, ಸಂಸ್ಥೆಯ ಜಾಲದಲ್ಲೆಲ್ಲ ಹರಡಿದರೆ, ಆ ಹಾನಿಯ ಹೊಣೆ ಅವನಿಗೆ ಎಷ್ಟರಮಟ್ಟಿಗೆ ಸೇರುತ್ತದೆ ಎಂಬುದು ನೀತಿಶಾಸ್ತ್ರದ ಹಳೆಯ ಪ್ರಶ್ನೆಯ ಹೊಸ ರೂಪ. 2008ರಲ್ಲಿ ಮಧ್ಯಪ್ರಾಚ್ಯದ ಅಮೆರಿಕನ್ ಸೇನಾನೆಲೆಯೊಂದರ ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಇಂಥದೊಂದು ಸಾಧನದಿಂದ ರಹಸ್ಯ ಜಾಲಗಳಿಗೂ ಸೋಂಕು ತಗುಲಿ, ಅಮೆರಿಕದ ರಕ್ಷಣಾ ಇಲಾಖೆ ಪೆನ್‌ಡ್ರೈವ್ ಬಳಕೆಯನ್ನೇ ಕೆಲಕಾಲ ನಿಷೇಧಿಸಬೇಕಾಯಿತು.

ಸದುದ್ದೇಶ ಎಂಬುದು ಇಲ್ಲಿ ಬರಿಯ ನೆಪವಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್‌ಡ್ರೈವ್‌ಗಳನ್ನು ಬೇಕೆಂದೇ ಬೀಳಿಸಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನಿಷ್ಠ ಶೇ. 45ರಷ್ಟರಲ್ಲಿನ ಕಡತಗಳನ್ನು ಜನ ತೆರೆದಿದ್ದರು. ಕಾರಣ ಹೇಳಿದವರಲ್ಲಿ ಹೆಚ್ಚಿನವರು ಮಾಲೀಕನನ್ನು ಹುಡುಕುವುದೇ ತಮ್ಮ ಇರಾದೆಯಾಗಿತ್ತೆಂದರು. ಆದರೆ ಮಾಲೀಕನ ಸ್ವವಿವರದ ಕಡತ ಅಲ್ಲೇ ಇದ್ದರೂ ಅನೇಕರು ಮೊದಲು ತೆರೆದದ್ದು ರಜೆಯ ಫೋಟೋಗಳನ್ನು. ಉಪಕಾರಬುದ್ಧಿಯೂ ಕುತೂಹಲವೂ ಒಂದೇ ಕೈಯಲ್ಲಿ ಕೆಲಸ ಮಾಡುತ್ತವೆ, ಮತ್ತು ದಾಳಿಕೋರ ನೆಚ್ಚಿಕೊಳ್ಳುವುದು ಎರಡನ್ನೂ.

ಚೇತನೆಯನ್ನೇ, ಅಂದರೆ ಸಂಕಲ್ಪವನ್ನೇ, ಕರ್ಮವೆಂದು ಪರಿಗಣಿಸುವ ಬೌದ್ಧ ನಿಲುವಿನಿಂದ ನೋಡಿದರೆ ಈ ನೌಕರ ಬಹುಮಟ್ಟಿಗೆ ನಿರ್ದೋಷಿ. ಜೈನ ಚಿಂತನೆ ಅವನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿರಿಸುತ್ತದೆ. ಕುಂದಕುಂದರ ಪ್ರವಚನಸಾರದ ಪ್ರಕಾರ ಜೀವಿ ಸಾಯಲಿ ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ತಪ್ಪದು, ಎಚ್ಚರದಿಂದ ನಡೆದವನಿಗೆ ಅರಿಯದೆ ಆದ ಹಿಂಸೆಯಿಂದ ಕರ್ಮಬಂಧವಿಲ್ಲ. ಈ ಅಳತೆಯಲ್ಲಿ, ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿ ಏನೂ ಇಲ್ಲದೆ ಬಚಾವಾದವನೂ ಸೋಂಕು ತಂದವನೂ ಸಮಾನ ದೋಷಿಗಳು. ಹಾನಿಯಾದಾಗ ಮಾತ್ರ ವಿಚಾರಣೆ ನಡೆಸುವ ಕಚೇರಿಗಳಿಗೆ ಇದು ಕಠಿಣವೆನಿಸಬಹುದು, ಆದರೂ ಇದೇ ಸರಿ.

ಬಿದ್ದ ವಸ್ತುವಿನ ವಿಷಯದಲ್ಲಂತೂ ಜೈನ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ನಿಖರವಾಗಿದ್ದಾರೆ: ಗೃಹಸ್ಥನ ಅಚೌರ್ಯಾಣುವ್ರತವೆಂದರೆ, ಇಟ್ಟದ್ದಾಗಲಿ ಬಿದ್ದದ್ದಾಗಲಿ ಮರೆತದ್ದಾಗಲಿ, ಕೊಡದ ಪರಸ್ವತ್ತನ್ನು ತಾನು ತೆಗೆದುಕೊಳ್ಳದಿರುವುದು, ಇನ್ನೊಬ್ಬರಿಗೆ ಕೊಡದಿರುವುದು. ಪೆನ್‌ಡ್ರೈವಿನಲ್ಲಿ ಸ್ವತ್ತು ಎಂದರೆ ಪ್ಲಾಸ್ಟಿಕ್ಕಿನ ಕವಚಕ್ಕಿಂತ ಹೆಚ್ಚಾಗಿ ಒಳಗಿನ ಮಾಹಿತಿಯೇ ಆದ್ದರಿಂದ, ಅದನ್ನು ತೆರೆದು ಓದುವುದೇ ತೆಗೆದುಕೊಂಡಂತೆ, ಮಾಲೀಕನಿಗೆ ಮರಳಿಸುವ ಇರಾದೆ ಇದ್ದರೂ.

ಹಾಗಾದರೆ ಅದನ್ನು ಅಲ್ಲೇ ಬಿಟ್ಟು ಹೋಗಬೇಕೆ? ಬಿಟ್ಟರೆ ಮತ್ತೊಬ್ಬ ಎತ್ತಿ ಸಿಕ್ಕಿಸುತ್ತಾನೆ. ಮಾಲೀಕನಿಲ್ಲದ ಸ್ವತ್ತನ್ನು ರಾಜನು ಮೂರು ವರ್ಷ ಕಾಯ್ದಿರಿಸಿ, ತನ್ನದೆಂದು ಬಂದವನು ಅದರ ರೂಪ, ಸಂಖ್ಯೆಗಳನ್ನು ಸರಿಯಾಗಿ ಹೇಳಿದರೆ ಕೊಡಬೇಕೆಂದು ಮನುಸ್ಮೃತಿ ವಿಧಿಸುವಲ್ಲಿ ಉಪಯುಕ್ತವಾದ ಒಂದು ವಿವೇಕವಿದೆ: ಗುರುತು ಹೇಳಬೇಕಾದವನು ಕಳೆದುಕೊಂಡವನು, ಹುಡುಕಿ ನೋಡಬೇಕಾದವನು ಎತ್ತಿಕೊಂಡವನಲ್ಲ. ಕಚೇರಿಯಲ್ಲಿ ರಾಜನ ಆ ಸ್ಥಾನ ಐಟಿ ವಿಭಾಗದ್ದು. ಜಾಲಕ್ಕೆ ಸೇರಿಸದೆ ಬೇರೆಯಾಗಿಟ್ಟ ಯಂತ್ರದಲ್ಲಿ ಪರೀಕ್ಷಿಸುವ ಅನುಕೂಲ ಇರಬೇಕಾದದ್ದೂ ಅಲ್ಲಿಯೇ. ಸಿಕ್ಕಿದ್ದನ್ನು ಯಾರಿಗೆ ಒಪ್ಪಿಸಬೇಕೆಂದು ಒಮ್ಮೆಯೂ ತಿಳಿಸದೆ, ಹಾನಿಯಾದ ಮೇಲೆ ನೌಕರನನ್ನು ಮಾತ್ರ ದಂಡಿಸುವ ಆಡಳಿತದ ಪ್ರಮಾದ ಅವನದಕ್ಕಿಂತ ದೊಡ್ಡದು.