ಹಳೆಯ ಬುದ್ದಲಿ ಮಾಡಿದ ತಪ್ಪೇನು?



ಸಾಧಾರಣ ಕಾಲದ ಎರಡನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ನಾವು ಓದುವ ಶುಭಸಂದೇಶ ಮಾರ್ಕ 2:18-22. ಸ್ನಾನಿಕ ಯೊವಾನ್ನರ ಶಿಷ್ಯರೂ ಫರಿಸಾಯರೂ ಉಪವಾಸ ಮಾಡುತ್ತಿರುವಾಗ ನಿಮ್ಮ ಶಿಷ್ಯರೇಕೆ ಮಾಡುವುದಿಲ್ಲವೆಂದು ಜನರು ಯೇಸುಸ್ವಾಮಿಯನ್ನು ಕೇಳುತ್ತಾರೆ. ಪ್ರಭು ಮದುವೆಮನೆಯ ಮಾತಿನಿಂದ ಶುರುಮಾಡಿ, ಹಳೆಯ ಬಟ್ಟೆಗೆ ಹಾಕುವ ಹೊಸ ತೇಪೆಗೆ ಬಂದು, ಕೊನೆಗೆ ದ್ರಾಕ್ಷಾರಸ ತುಂಬುವ ಚರ್ಮದ ಬುದ್ದಲಿಗೆ ಬರುತ್ತಾರೆ. ಎಷ್ಟೋ ಸಲ ಕೇಳಿದ ಮಾತು. ಹೊಸದನ್ನು ಸ್ವೀಕರಿಸಿ, ಹಳೆಯದನ್ನು ಬಿಡಿ ಎಂದು ನಾವೂ ಎಷ್ಟೋ ಸಲ ಪ್ರಬೋಧನೆ ಮಾಡಿ ಮುಗಿಸಿದ್ದೇವೆ. ಈ ವರ್ಷ ಅಷ್ಟು ಸುಲಭವಾಗಿ ಮುಗಿಸಲು ಆಗಲಿಲ್ಲ. ಕಾರಣ, ಸ್ಯಾಕ್ರಿಸ್ಟಿಯ ಬೀರುವಿನಲ್ಲಿ ನಾವು ಬಚ್ಚಿಟ್ಟಿದ್ದ ಒಂದು ಕೀಬೋರ್ಡ್.

ನಮ್ಮ ಗಾಯನವೃಂದದವರ ಟ್ಯಾಬ್ ನಿಮಗೆಲ್ಲ ಗೊತ್ತು. ತಮಿಳು, ಕನ್ನಡ, ತೆಲುಗು, ಮೂರು ಭಾಷೆಯ ಗೀತೆಗಳೂ ಅದರಲ್ಲಿದ್ದವು. ಅದರಿಂದಲೇ ಪರದೆಯ ಮೇಲೆ ಬರುತ್ತಿದ್ದವು. (ಬಲಿಪೀಠದ ಮೇಲೆ ಅದು ಯಾವತ್ತೂ ಬಂದಿಲ್ಲ. ಪೂಜಾಗ್ರಂಥದ ಬದಲಿಗೆ ಐಪ್ಯಾಡ್ ಬಳಸಬಾರದೆಂದು ನ್ಯೂಜಿಲೆಂಡಿನ ಧರ್ಮಾಧ್ಯಕ್ಷರು 2012ರಲ್ಲೇ ತಮ್ಮ ಗುರುಗಳಿಗೆ ಬರೆದಿದ್ದರು. ಗ್ರಂಥ ಗ್ರಂಥವೇ ಆಗಿರಲಿ ಎಂಬುದು ನಮ್ಮ ಅಭಿಪ್ರಾಯವೂ ಹೌದು.) ಕ್ರಿಸ್ಮಸ್ಸಿಗೆ ಹತ್ತು ದಿನ ಇರುವಾಗ ಅದರ ಬ್ಯಾಟರಿ ಊದಿಕೊಂಡು, ಗಾಜು ಒಂದು ಮೂಲೆಯಲ್ಲಿ ಮೇಲೆದ್ದಿತು. ರಿಪೇರಿಯವರು ನೋಡಿ, ಇದಕ್ಕೆ ಬ್ಯಾಟರಿ ಈಗ ಬರುವುದಿಲ್ಲ ಎಂದರು. ಪಾಲನಾ ಮಂಡಳಿಯವರು ಹಣ ಹೊಂದಿಸಿ ಹೊಸದನ್ನು ತಂದರು. ಅಂಗಡಿಯವರು ಹೇಳಿದ್ದು: ಅದೇ ಕಂಪನಿ ಸಾರ್, ನಿಮ್ಮ ಹಳೇ ಸಾಮಾನೆಲ್ಲ ಆಗುತ್ತೆ.

ಒಂದೂ ಆಗಲಿಲ್ಲ. ಕೀಬೋರ್ಡ್ ಕವರಿನ ಅಂಚಿನಲ್ಲಿರುವ ಹಿತ್ತಾಳೆ ಬಣ್ಣದ ಚುಕ್ಕಿಗಳಿಗೆ ಎದುರಾಗಿ ಹೊಸ ಟ್ಯಾಬಿನಲ್ಲಿ ಚುಕ್ಕಿಗಳೇ ಇಲ್ಲ. ಪೆನ್ನಿನಿಂದ ಗೀಚಿದರೆ ಗಾಜಿನ ಮೇಲೆ ಗೀರುವ ಸದ್ದು ಮಾತ್ರ. ಪ್ರೊಜೆಕ್ಟರಿನ ತಂತಿಯ ಬಾಯಿ ಬೇರೆ. ನಮ್ಮವರೇ ಒಬ್ಬರು ವೆಲ್ಡಿಂಗ್ ಮಾಡಿಕೊಟ್ಟಿದ್ದ ಸ್ಟೀಲಿನ ಸ್ಟ್ಯಾಂಡು ಕಾಲು ಇಂಚು ಕಿರಿದು. ಯುವಕರು ಪೇಟೆಗೆ ಹೋಗಿ ಒಂದು ಅಡಾಪ್ಟರ್ ತಂದರು, ಅದನ್ನು ಸೇರಿಸಲು ಇನ್ನೊಂದು ಅಡಾಪ್ಟರ್ ತಂದರು. ಕೀಬೋರ್ಡು, ಪೆನ್ನು, ತಂತಿ, ಎಲ್ಲದರ ಹಳೆಯ ರಸೀದಿ ತೆಗೆದು ಕೂಡಿಸಿ ನೋಡಿದಾಗ ಅವತ್ತಿನ ಟ್ಯಾಬಿಗಿಂತ ಅವುಗಳ ಬೆಲೆಯೇ ಹೆಚ್ಚಾಗಿತ್ತು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗೆ. ನಮಗೆ ಸಿಟ್ಟು ಬಂತು. ಗುರುಗಳೆಂದು ಸಿಟ್ಟು ಬರದೇ ಇರುತ್ತದೆಯೇ?

ಇದು ನಮ್ಮೊಬ್ಬರ ಪಾಡಲ್ಲ, ಒಂದು ಕಂಪನಿಯ ಕಥೆಯೂ ಅಲ್ಲ. ನಮ್ಮ ಟ್ಯಾಬು ಆ್ಯಪಲ್‌ನದಲ್ಲ. ಆದರೂ ಎಲ್ಲರಿಗೂ ಗೊತ್ತಿರುವ ಉದಾಹರಣೆ ಅವರದೇ. 2012ರಲ್ಲಿ ಅವರು ಮೂವತ್ತು ಪಿನ್ನಿನ ಅಗಲ ಬಾಯಿಯನ್ನು ಬಿಟ್ಟು ಲೈಟ್ನಿಂಗ್ ಎಂಬ ಸಣ್ಣ ಬಾಯಿ ತಂದರು. 2018ರ ಐಪ್ಯಾಡ್ ಪ್ರೊದಲ್ಲಿ ಅದನ್ನೂ ಬಿಟ್ಟು ಯುಎಸ್‌ಬಿ-ಸಿ ತಂದರು. 2024ರ ಐಪ್ಯಾಡ್ ಪ್ರೊಗೆ ಅದರ ಹಿಂದಿನದಕ್ಕೆ ಬಳಸುತ್ತಿದ್ದ ಪೆನ್ಸಿಲ್ಲೂ ಆಗಲಿಲ್ಲ, ಕೀಬೋರ್ಡೂ ಆಗಲಿಲ್ಲ. ಅದಕ್ಕೆ ಕಾರಣವಿರಲಿಲ್ಲ ಎನ್ನಲಾಗದು: ಮುಂದಿನ ಕ್ಯಾಮೆರಾವನ್ನು ಪೆನ್ಸಿಲ್ ಅಂಟಿಕೊಳ್ಳುವ ಉದ್ದನೆಯ ಅಂಚಿಗೆ ಸರಿಸಿದ್ದರು, ಒಳಗಿನ ಜೋಡಣೆ ಬದಲಾಗಿತ್ತು. ಕೆಲವು ಬದಲಾವಣೆ ನಿಜವಾದ ಅಗತ್ಯದಿಂದ ಬರುತ್ತದೆ, ಕೆಲವು ನಮ್ಮ ಜೇಬಿನ ಮೇಲೆ ಕಣ್ಣಿಟ್ಟು ಬರುತ್ತದೆ. ಕೊಳ್ಳುವವರಿಗೆ ಎರಡರ ವ್ಯತ್ಯಾಸ ಕಾಣುವುದಿಲ್ಲ. ಯೂರೋಪಿನ ಒಕ್ಕೂಟದವರು ಕಾನೂನು ಮಾಡಿ, 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಫೋನು, ಟ್ಯಾಬುಗಳಿಗೆಲ್ಲ ಒಂದೇ ಬಗೆಯ ಚಾರ್ಜರ್ ಬಾಯಿ ಇರಬೇಕೆಂದು ವಿಧಿಸಿದರು. ಒಳ್ಳೆಯ ಕೆಲಸ. ಆದರೆ ಹಳೆಯ ಪೆನ್ನೂ ಕೀಬೋರ್ಡೂ ಹೊಸ ಟ್ಯಾಬಿಗೆ ಹೊಂದಲೇಬೇಕೆಂದು ಆ ಕಾನೂನು ಹೇಳುವುದಿಲ್ಲ.

ಇಷ್ಟೇ ಆಗಿದ್ದರೆ ಈ ಪತ್ರಿಕೆಯಲ್ಲಿ ಬರೆಯುತ್ತಿರಲಿಲ್ಲ. ಆ ಕೀಬೋರ್ಡಿನ ಬೆನ್ನ ಮೇಲೆ ಒಂದು ಹೆಸರು ಕೆತ್ತಿದೆ.

ನಮ್ಮ ಮೇಷ್ಟ್ರು ನಿಮಗೆ ನೆನಪಿರಬೇಕು. ನಿವೃತ್ತರಾದ ಮೇಲೆ ಕನ್ನಡ ಗಾಯನವೃಂದವನ್ನು ಅವರೇ ನಡೆಸಿದರು. ಆ ಕೀಬೋರ್ಡನ್ನೂ ಪೆನ್ನನ್ನೂ ಅವರ ಮನೆಯವರೇ ಕೊಂಡುಕೊಟ್ಟರು, ಹಾಲಿನ ಡೈರಿಯ ದುಡ್ಡಿನಲ್ಲಿ. ಹಳೆಯ ಟ್ಯಾಬು ಕಂಪ್ಯೂಟರಿನಂತೆ ವಿಂಡೋಸ್‌ನಲ್ಲಿ ನಡೆಯುವಂಥದು. ಮೇಷ್ಟ್ರು ಅದರಲ್ಲಿ ನುಡಿ ತಂತ್ರಾಂಶ ಹಾಕಿಸಿಕೊಂಡು, ಎರಡು ವರ್ಷ ಕೂತು, ನಮ್ಮ ಹಿರಿಯರು ಹಾಡುತ್ತಿದ್ದ ಕನ್ನಡ ಗೀತೆಗಳನ್ನೆಲ್ಲ ಒಂದೊಂದಾಗಿ ಟೈಪು ಮಾಡಿದರು. ಪುಸ್ತಕದಲ್ಲಿ ಇಲ್ಲದ ಗೀತೆಗಳೂ ಅದರಲ್ಲಿದ್ದವು, ಹೊಲದ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರ ಬಾಯಿಂದ ಬರೆದುಕೊಂಡವು. ಅವರು ತೀರಿಕೊಂಡ ಮೇಲೆ ಕೀಬೋರ್ಡಿನ ಮೇಲೆ ಹೆಸರು ಕೆತ್ತಿಸಿದೆವು.

ಕ್ರಿಸ್ಮಸ್ ಜಾಗರಣೆಯ ರಾತ್ರಿ ಹೊಸ ಟ್ಯಾಬಿನಲ್ಲಿ ತಮಿಳು ಗೀತೆ ಬಂತು, ತೆಲುಗು ಗೀತೆ ಬಂತು. ಕನ್ನಡದ ಸರದಿ ಬಂದಾಗ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಬಾಲ ಚುಕ್ಕಿಗಳೂ ಬೆರೆತ ಏನೋ ಒಂದು ಬಂತು. ನುಡಿಯ ಹಳೆಯ ಅಕ್ಷರಗಳನ್ನು ಹೊಸ ಟ್ಯಾಬು ಗುರುತಿಸಲಿಲ್ಲ. ತಮಿಳು, ತೆಲುಗು ಗೀತೆಗಳನ್ನು ಈಚೆಗೆ ಯುನಿಕೋಡಿನಲ್ಲಿ ಹಾಕಿದ್ದರಿಂದ ಅವಕ್ಕೆ ತೊಂದರೆಯಾಗಲಿಲ್ಲ. ಹುಡುಗರು ಗಾಬರಿಯಾಗಿ, ಈ ಸಲ ತಮಿಳಲ್ಲೇ ಹಾಡಿಬಿಡೋಣ ಫಾದರ್ ಎಂದರು. ನಾವು ಆಯಿತು ಎಂದೆವು. ಕೈಕೆಟ್ಟ ಗಳಿಗೆಯಲ್ಲಿ ಹಾಗೆ ಹೇಳುವುದು ಸುಲಭ. ಆ ಮೇಲೆ ಕೀಬೋರ್ಡು, ಪೆನ್ನು ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆವು. ಮೇಷ್ಟ್ರಮ್ಮನಿಗೆ ಹೇಳಲಿಲ್ಲ. ಆಮೇಲೆ ಹೇಳೋಣ ಎಂದುಕೊಂಡೆವು. ಹೊಸ ವರ್ಷ ಬಂತು, ಪೊಂಗಲ್ ಹೋಯಿತು.

ಈಗ ಶುಭಸಂದೇಶಕ್ಕೆ ಬರೋಣ. ಬುದ್ದಲಿ ಎಂದರೆ ಮೇಕೆಯ ಚರ್ಮವನ್ನು ಹದ ಮಾಡಿ ಹೊಲಿದ ಚೀಲ. ಹೊಸ ದ್ರಾಕ್ಷಾರಸ ಇನ್ನೂ ಹುಳಿಯುತ್ತಿರುತ್ತದೆ. ಅದರಿಂದ ಗಾಳಿ ಹುಟ್ಟಿ ಚೀಲ ಉಬ್ಬುತ್ತದೆ. ಹೊಸ ಚರ್ಮಕ್ಕೆ ಹಿಗ್ಗುವ ಗುಣವಿದೆ, ತಾಳಿಕೊಳ್ಳುತ್ತದೆ. ಹಳೆಯ ಚರ್ಮ ಒಡೆಯುತ್ತದೆ. ಯಾಕೆ? ಅದು ಕೆಟ್ಟ ಚರ್ಮವೆಂದಲ್ಲ. ಅದು ತನ್ನ ಕಾಲದ ರಸವನ್ನು ಹೊತ್ತು, ಹಿಗ್ಗಬೇಕಾದಷ್ಟು ಹಿಗ್ಗಿ, ಕೆಲಸ ಮುಗಿಸಿ ಒಣಗಿದೆ. ಹಳೆಯ ಬುದ್ದಲಿಯನ್ನು ಪ್ರಭು ಒಂದು ಮಾತಿನಿಂದಲೂ ಹೀಯಾಳಿಸುವುದಿಲ್ಲ. ಅವರ ಚಿಂತೆ ಬೇರೆ: ರಸವೂ ಚೆಲ್ಲಿಹೋದೀತು, ಚೀಲವೂ ಹಾಳಾದೀತು. ಇದೇ ಮಾತನ್ನು ಬರೆಯುವಾಗ ಸಂತ ಮತ್ತಾಯರು ಒಂದು ವಿಷಯ ಹೆಚ್ಚಾಗಿ ಸೇರಿಸುತ್ತಾರೆ (9:17): ಹೊಸದನ್ನು ಹೊಸದರಲ್ಲಿ ಇಟ್ಟರೆ ಎರಡೂ ಉಳಿಯುತ್ತವೆ. ಸಂತ ಲೂಕರು (5:36) ತೇಪೆಯ ಮಾತನ್ನೇ ಬೇರೆ ರೀತಿ ಹೇಳುತ್ತಾರೆ. ಅಲ್ಲಿ ಮನುಷ್ಯ ಹಳೆಯ ಬಟ್ಟೆಯನ್ನು ಉಳಿಸಲು ಹೊಸ ಬಟ್ಟೆಯನ್ನೇ ಹರಿಯುತ್ತಾನೆ. ಹೊಸದೂ ಹೋಯಿತು, ತೇಪೆಯೂ ಹೊಂದಲಿಲ್ಲ. ನಮ್ಮ ಮಂಡಳಿಯಲ್ಲಿ ಒಬ್ಬರು, ಹೊಸ ಟ್ಯಾಬನ್ನು ವಾಪಸು ಕೊಟ್ಟು ಹಳೆಯ ಮಾದರಿಯದನ್ನೇ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕೋಣ ಎಂದಿದ್ದರು. ಅದು ತಪ್ಪು ಯೋಚನೆಯೆಂದಲ್ಲ. ಆದರೆ ಅದರ ಬ್ಯಾಟರಿಯೂ ಅಷ್ಟೇ ವಯಸ್ಸಿನದು.

ಹೀಗೆ ನೋಡಿದರೆ, ಬಿಸಾಡುವವನೂ ಬಲವಂತವಾಗಿ ಹೊಂದಿಸಲು ಹೊರಟವನೂ ಇಬ್ಬರೂ ನಷ್ಟ ಮಾಡುತ್ತಾರೆ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಎಚ್ಚರಿಸಿದ್ದು ವಸ್ತುಗಳಿಗೆ ಮಾತ್ರವಲ್ಲ, ಮನುಷ್ಯರಿಗೂ ಸೇರಿಸಿ. 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಕ್ರಮವಾಗಿ ಸಂಗ್ರಹವಾದದ್ದು ಅದರ ಕಾಲು ಭಾಗವೂ ಇಲ್ಲ. ನಮ್ಮ ಧರ್ಮಸಭೆಯೂ ಇದರಲ್ಲಿ ಕಲಿತದ್ದಿದೆ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು ಹೊರಡಿಸಿ ನಮ್ಮ ನಮ್ಮ ಭಾಷೆಗಳಿಗೆ ಬಾಗಿಲು ತೆರೆದಾಗ, ಲ್ಯಾಟಿನ್ ಪುಸ್ತಕಗಳು ಬೀರು ಸೇರಿದವು. ಅದೇ ಸಂವಿಧಾನ ಬೆಲೆಬಾಳುವ ಪೂಜಾಸಾಮಗ್ರಿ ಚದುರಿಹೋಗದಂತೆ, ಕೈಬಿಟ್ಟುಹೋಗದಂತೆ ನೋಡಿಕೊಳ್ಳಿ ಎಂದು ಧರ್ಮಾಧ್ಯಕ್ಷರಿಗೆ ಹೇಳಿದ್ದನ್ನು ಬಹಳ ಜನ ಓದಿದಂತಿಲ್ಲ.

ಇನ್ನೊಂದು ಕಥೆ ಹೇಳಬೇಕು. ಗೊಲ್ಯಾತನ ಎದುರು ಹೊರಟ ದಾವೀದನಿಗೆ ಅರಸ ಸೌಲ ತನ್ನ ಕವಚ, ಕಂಚಿನ ಶಿರಸ್ತ್ರಾಣ, ಕತ್ತಿ ಎಲ್ಲ ಕೊಟ್ಟ (1 ಸಮುವೇಲ 17:38-39). ಕೊಟ್ಟದ್ದು ಸಣ್ಣ ವಸ್ತುವಲ್ಲ, ಕೊಟ್ಟ ಮನಸ್ಸೂ ಸಣ್ಣದಲ್ಲ. ದಾವೀದ ತೊಟ್ಟು ನೋಡಿದ, ನಡೆದು ನೋಡಿದ, ಆಗಲಿಲ್ಲ. ಅರಸನ ಎದುರಿನಲ್ಲೇ, ನನಗೆ ಇದರ ಅಭ್ಯಾಸವಿಲ್ಲ ಎಂದು ಹೇಳಿ ತೆಗೆದಿಟ್ಟ. ಸೌಲ ಮುನಿಸಿಕೊಂಡನೆಂದು ಅಲ್ಲಿ ಬರೆದಿಲ್ಲ. (ಅವನು ಮುನಿಸಿಕೊಂಡದ್ದು ಆಮೇಲೆ, ಬೇರೆ ಕಾರಣಕ್ಕೆ.) ನಮ್ಮ ಕಣ್ಣಿಗೆ ಬಿದ್ದದ್ದು ಇದು: ದಾವೀದ ಅದನ್ನು ಕೊಟ್ಟವನ ಮುಖ ನೋಡಿ ಹೇಳಿದ. ಗುಡಾರದ ಹಿಂದೆ ಬಚ್ಚಿಡಲಿಲ್ಲ.

ನಾವು ಬಚ್ಚಿಟ್ಟಿದ್ದೆವು. ಮೊನ್ನೆ ಭಾನುವಾರ ಕನ್ನಡ ಪೂಜೆಯಾದ ಮೇಲೆ ಮೇಷ್ಟ್ರಮ್ಮ ಎಲ್ಲರೂ ಹೋಗುವವರೆಗೆ ಬೆಂಚಿನಲ್ಲೇ ಕೂತಿದ್ದರು.

“ಫಾದರ್, ಹಬ್ಬದ ದಿನ ಯಜಮಾನ್ರು ಬರೆದಿದ್ದು ಪರದೆ ಮೇಲೆ ಬರಲೇ ಇಲ್ಲ. ಏನಾದರೂ ತಪ್ಪಿತ್ತಾ ಅದರಲ್ಲಿ?”

ತಿಂಗಳು ಪೂರ್ತಿ ಆ ತಾಯಿ ತಮ್ಮ ಯಜಮಾನರ ಬರವಣಿಗೆಯಲ್ಲೇ ತಪ್ಪಿದೆಯೆಂದು ತಿಳಿದು ಕೊರಗಿದ್ದರು. ಒಂದು ಅಡಾಪ್ಟರಿನ ಬೆಲೆ ನಾವು ಲೆಕ್ಕ ಹಾಕಿದ್ದೆವು, ಇದನ್ನು ಹಾಕಿರಲಿಲ್ಲ. ಬೀರು ತೆಗೆದು ಕೀಬೋರ್ಡನ್ನು ಅವರ ಮಡಿಲಲ್ಲಿಟ್ಟು, ನಡೆದದ್ದೆಲ್ಲ ಹೇಳಿ, ಕ್ಷಮೆ ಕೇಳಿದೆವು. ಅವರು ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿದರು.

“ಇದು ಹೋದರೆ ಹೋಗಲಿ ಫಾದರ್. ಅವರು ಮೊದಲು ನೋಟ್‌ಬುಕ್ಕಲ್ಲಿ ಬರೀತಿದ್ದರು, ಆಮೇಲೆ ಇದರಲ್ಲಿ ಹೊಡೀತಿದ್ದರು. ಐದು ನೋಟ್‌ಬುಕ್ಕು ಮನೇಲಿವೆ. ಹುಡುಗರು ಬರಲಿ. ಆದರೆ ತಗೊಂಡು ಹೋಗೋದು ಬೇಡ, ಮನೇಲೇ ಕೂತು ಬರೆದುಕೊಳ್ಳಲಿ.”

ಮರುದಿನ ಸೋಮವಾರ. ಬಲಿಪೂಜೆಯಲ್ಲಿ ಬುದ್ದಲಿಯ ಶುಭಸಂದೇಶ ಓದುವಾಗ ನಮ್ಮ ಧ್ವನಿ ಸ್ವಲ್ಪ ತಡವರಿಸಿತು. ಬಂದಿದ್ದ ಹತ್ತಾರು ಜನರಿಗೆ ಕಾರಣ ಗೊತ್ತಾಗಿರಲಿಕ್ಕಿಲ್ಲ, ಈಗ ಗೊತ್ತಾಯಿತು.

ಕಳೆದ ಶನಿವಾರ ನಾಲ್ಕು ಮಕ್ಕಳು ಹೋದರು. ಹೊಸ ಟ್ಯಾಬಿಗೆ ಸ್ಟ್ಯಾಂಡಿಲ್ಲ, ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟಿದ್ದರು. ಹಳೆಯ ಕಡತವನ್ನು ಕಂಪ್ಯೂಟರಿನಲ್ಲಿ ಯುನಿಕೋಡಿಗೆ ಪರಿವರ್ತಿಸಿದ್ದಾರೆ, ಆದರೆ ಒತ್ತಕ್ಷರಗಳೂ ಅರ್ಕಾವತ್ತೂ ಅಲ್ಲಲ್ಲಿ ಜಾಗ ತಪ್ಪಿವೆ. ಮಕ್ಕಳು ತಪ್ಪು ಓದಿದ ಕಡೆ ಮೇಷ್ಟ್ರಮ್ಮ ಆ ಸಾಲನ್ನು ಹಾಡಿ ತೋರಿಸುತ್ತಾರೆ, ಮಕ್ಕಳು ತಿದ್ದುತ್ತಾರೆ. ಆ ನಾಲ್ವರಲ್ಲಿ ಇಬ್ಬರು ತಮಿಳು ಶಾಲೆಯಲ್ಲಿ ಓದುವವರು. ಇಷ್ಟು ದಿನ ಕನ್ನಡ ಗೀತೆಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದರಂತೆ. ಅದು ನಮಗೆ ಗೊತ್ತೇ ಇರಲಿಲ್ಲ. ಸ್ಟ್ಯಾಂಡು ಮಾಡಿಕೊಟ್ಟವರು ಅದನ್ನು ವಾಪಸು ಒಯ್ದು, ಒಂದು ಬದಿಯನ್ನು ಕತ್ತರಿಸಿ, ತಿರುಪು ತಿರುಗಿಸಿದರೆ ಅಗಲವಾಗುವ ಹಾಗೆ ಮಾಡಿ ತಂದಿದ್ದಾರೆ. ಮುಂದೆ ಯಾವ ಅಳತೆಯದು ಬರುತ್ತದೋ ಯಾರಿಗೆ ಗೊತ್ತು ಫಾದರ್ ಎಂದರು.

ಆ ಕೀಬೋರ್ಡೂ ಪೆನ್ನೂ ಈಗ ಬೀರುವಿನಲ್ಲಿಲ್ಲ, ಧರ್ಮಕೇಂದ್ರದ ಕಚೇರಿಯ ಮೇಜಿನ ಮೇಲಿವೆ. ಎರಡೂ ಚೆನ್ನಾಗಿ ಕೆಲಸ ಮಾಡುವ ಸ್ಥಿತಿಯಲ್ಲಿವೆ. ನಿಮ್ಮ ಮನೆಯಲ್ಲಿ ಏಳೆಂಟು ವರ್ಷದ ಹಿಂದಿನ ವಿಂಡೋಸ್ ಟ್ಯಾಬು ಇದ್ದು, ಮಕ್ಕಳು ಅದರಲ್ಲಿ ಓದುತ್ತಿದ್ದರೆ, ಭಾನುವಾರ ಪೂಜೆಯಾದ ಮೇಲೆ ತಂದು ಜೋಡಿಸಿ ನೋಡಿ. ಹೊಂದಿದರೆ ಮೇಷ್ಟ್ರಮ್ಮನೇ ತಮ್ಮ ಕೈಯಿಂದ ಕೊಡುತ್ತಾರೆ. ಯಾವ ಭಾಷೆಯ ಪೂಜೆಗೆ ಬರುವವರಾದರೂ ಸರಿ. ಊದಿದ ಬ್ಯಾಟರಿ ಇರುವ ಫೋನು, ಟ್ಯಾಬುಗಳನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು; ನಮ್ಮದರ ಜೊತೆ ನಿಮ್ಮದನ್ನೂ ಕಳಿಸುತ್ತೇವೆ, ಕಚೇರಿಯಲ್ಲಿ ತಿಳಿಸಿ.

ಈ ಶನಿವಾರವೂ ಸಂಜೆ ನಾಲ್ಕಕ್ಕೆ ಮೇಷ್ಟ್ರಮ್ಮನ ಮನೆಯಲ್ಲಿ ಬರವಣಿಗೆ ಇದೆ. ಮೂರನೆಯ ನೋಟ್‌ಬುಕ್ಕು ಶುರುವಾಗುತ್ತದೆ. ಕನ್ನಡ ಓದಲು ಬಾರದ ಮಕ್ಕಳನ್ನೂ ಕಳಿಸಿ.