ನಮ್ಮ ಕೇರಿಯವನು ಗೆದ್ದಾಗ

ಅರಿಷಡ್ವರ್ಗಗಳಲ್ಲಿ ಮತ್ಸರ ಕೊನೆಯದು. ಉಳಿದ ಐದರಲ್ಲಿ ಅಷ್ಟಿಷ್ಟು ಸುಖವಾದರೂ ಉಂಟು; ಇದರಲ್ಲಿ ಬರೀ ಉರಿ. ಆ ಉರಿಯೂ ದೂರದವರ ಮೇಲಲ್ಲ. ರಾಕ್‌ಫೆಲರ್‌ನ ಐಶ್ವರ್ಯ ನೆನೆದು ನಮ್ಮಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ. ಪರಿಚಯದವರ ಹೊಸ ಮನೆಯ ಗೃಹಪ್ರವೇಶ ಸಾಕು! ದುರ್ಯೋಧನನ ಹೊಟ್ಟೆ ಉರಿದದ್ದು ಇಂದ್ರನ ಅಮರಾವತಿಗಲ್ಲ, ದಾಯಾದಿಗಳ ಇಂದ್ರಪ್ರಸ್ಥಕ್ಕೆ.

ಜಾಝ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1901ರಲ್ಲಿ, ನ್ಯೂ ಆರ್ಲಿಯನ್ಸಿನ ಕಡುಬಡವರ ಕೇರಿಯಲ್ಲಿ. 1912ರ ಡಿಸೆಂಬರ್ 31ರ ರಾತ್ರಿ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದ. ಬಾಲಾಪರಾಧಿಗಳ ಶಾಲೆಗೆ ಕಳಿಸಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಮೇಷ್ಟ್ರು ಬ್ಯಾಂಡಿಗೆ ಸೇರಿಸಿಕೊಂಡು ಕಾರ್ನೆಟ್ ಕಲಿಸಿದರು. ಶಿಕ್ಷೆಯೇ ವರವಾಯಿತು. ಎಷ್ಟೋ ಬಡ ಹುಡುಗರಿಗೆ ಶಿಕ್ಷೆ ಶಿಕ್ಷೆಯಾಗಿಯೇ ಉಳಿಯುತ್ತದೆ.

ಇಲ್ಲೇ ನೋವಿರುವುದು. ದೂರದವನ ಸಿರಿಯನ್ನು ಹಣೆಬರಹವೆಂದು ತಳ್ಳಿಹಾಕಬಹುದು. ನಮ್ಮದೇ ನಲ್ಲಿಯಲ್ಲಿ ನೀರು ಹಿಡಿದವನು ಮೇಲೇರಿದರೆ, “ನಮಗೆ ಅವಕಾಶವೇ ಸಿಗಲಿಲ್ಲ” ಎಂಬ ಸಮಾಧಾನವನ್ನೂ ಅವನು ಕಸಿದುಕೊಂಡಂತೆ. ಆ ಮಾತು ಬಹುಮಟ್ಟಿಗೆ ನಿಜ ಕೂಡ. ಆದ್ದರಿಂದ ಕರುಬುವವನನ್ನು ಅಲ್ಪನೆಂದು ಬೈದು ಮುಗಿಸಲು ನನಗೆ ಮನಸ್ಸಿಲ್ಲ. ಗೆದ್ದವನು “ನಾನು ಸ್ವಂತ ಶ್ರಮದಿಂದ ಬಂದೆ, ನಿಮಗೇನು ಧಾಡಿ?” ಎಂದರೆ ಅದು ಅರ್ಧ ಸುಳ್ಳು. (ಈ ಭಾಷಣವನ್ನು ನಾವು ಎಷ್ಟು ಸಮಾರಂಭಗಳಲ್ಲಿ ಕೇಳಿಲ್ಲ!)

ಮತ್ಸರ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ, ನೀತಿಯ ವೇಷ ಹಾಕಿ ಬರುತ್ತದೆ. ಕಪ್ಪು ಜನಾಂಗದ ಕಿರಿಯ ವಾದಕರು ಆರ್ಮ್‌ಸ್ಟ್ರಾಂಗ್‌ನನ್ನು ಬಿಳಿಯರ ಮುಂದೆ ಹಲ್ಲು ಕಿರಿಯುವವನೆಂದು ಜರೆದರು. ಅವರಲ್ಲಿ ಡಿಝಿ ಗಿಲೆಸ್ಪಿಯೂ ಒಬ್ಬ. ಅವನೂ ಬಡತನದಿಂದ ಬಂದವನು, ಅದೇ ಟ್ರಂಪೆಟ್ ವಾದ್ಯದವನು. ಆ ಟೀಕೆಯಲ್ಲಿ ತತ್ವವೆಷ್ಟು, ಕಿಚ್ಚೆಷ್ಟು? ಅಳೆಯುವವರಾರು? ಟೀಕೆಗೆ ಕಾರಣ ಇಲ್ಲದಿರಲಿಲ್ಲ. ಆದರೆ 1957ರಲ್ಲಿ ಲಿಟ್ಲ್ ರಾಕ್‌ನ ಶಾಲೆಗೆ ಕಪ್ಪು ಮಕ್ಕಳು ಹೋಗದಂತೆ ತಡೆದಾಗ, ಅಧ್ಯಕ್ಷ ಐಸೆನ್‌ಹೋವರ್‌ಗೆ ಧೈರ್ಯವಿಲ್ಲವೆಂದು ಪತ್ರಿಕೆಯವರ ಮುಂದೆ ಹೇಳಿ, ಸರ್ಕಾರದ ಪರವಾಗಿ ರಷ್ಯಾಕ್ಕೆ ಹೋಗಲು ಒಲ್ಲೆನೆಂದವನೂ ಇದೇ ಆರ್ಮ್‌ಸ್ಟ್ರಾಂಗ್. ಆ ನಗುವನ್ನು ತಾನು ತಪ್ಪು ತಿಳಿದಿದ್ದೆನೆಂದು ಗಿಲೆಸ್ಪಿ 1979ರ ಆತ್ಮಕಥೆಯಲ್ಲಿ ಬರೆದ.

ದೊಡ್ಡ ಬಂಗಲೆ ಕೊಳ್ಳುವ ಶಕ್ತಿಯಿದ್ದರೂ ಆರ್ಮ್‌ಸ್ಟ್ರಾಂಗ್ 1943ರಿಂದ 1971ರಲ್ಲಿ ತೀರಿಕೊಳ್ಳುವವರೆಗೂ ಇದ್ದದ್ದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ದುಡಿಯುವ ಜನರ ಬಡಾವಣೆ ಕರೋನಾದ ಒಂದು ಸಾಧಾರಣ ಮನೆಯಲ್ಲಿ. ಬೀದಿಯ ಮಕ್ಕಳು ಅವನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಕರುಬುವವರು ಅಲ್ಲಿಯೂ ಇದ್ದಿರಬಹುದು, ಆದರೆ ಅವರಿಗೆ ಬಾಗಿಲು ಮುಚ್ಚಿರಲಿಲ್ಲ. 2003ರಲ್ಲಿ ಆ ಮನೆ ವಸ್ತುಸಂಗ್ರಹಾಲಯವಾಯಿತು. ಫ್ಲಶಿಂಗ್ ಗಣೇಶ ದೇವಸ್ಥಾನಕ್ಕೆ ಹೋಗುವ ಬಂಧುಗಳಿಗೆ ಅದು ದೂರವೇನಲ್ಲ, 107ನೇ ಬೀದಿ.